ಕೆರೆಯಿಂದ ಇಳಿದ ಬಿಳಿ ದಾರಿ

ಚೋಲ್ಪೊನ್ ತಂದ ಚಿತ್ರ ಬಾಗಿಲಿನಷ್ಟು ಎತ್ತರವಿತ್ತು. ಬಿಷ್ಕೆಕ್ ಪಟ್ಟಣದಿಂದ ಜೀಪಿನ ನೆತ್ತಿಗೆ ಕಟ್ಟಿಕೊಂಡು ಬಂದಿದ್ದಳು. ಹಳ್ಳದ ದಂಡೆಯಲ್ಲಿ ಕುದುರೆ ಕಟ್ಟುವ ಕಂಬಗಳಿಗೆ ಅದನ್ನು ಬಿಗಿದು ನಿಲ್ಲಿಸಿದಾಗ, ಹಾಲು ಕರೆಯುತ್ತಿದ್ದ ಹೆಂಗಸರು ಬಕೆಟ್ ಅಲ್ಲಲ್ಲೇ ಬಿಟ್ಟು ಬಂದು ನಿಂತರು.

ಎಸೆನ್‌ಕುಲ್ ಮುದುಕನ ಎದೆ ಕೊಂಚ ಉಬ್ಬಿತು. ಚಿತ್ರದಲ್ಲಿ ಅವನೂ ಇದ್ದ. ಚೋಲ್ಪೊನ್ ಅವನ ತಮ್ಮನ ಮಗಳು, ಮಂಜಿನ ಬೆಟ್ಟಗಳನ್ನು ಅಳೆಯುವ ವಿಜ್ಞಾನಿ. ಹೋದ ವರ್ಷ ಅವನನ್ನು ಮೇಲೆ ಕರೆದೊಯ್ದು, "ದೊಡ್ಡಪ್ಪ, ಕುದುರೆ ಮೇಲೆ ಅಲ್ಲಾಡದೆ ಕೂತಿರು. ನಿನ್ನ ಪಕ್ಕ ಇಟ್ಟು ನೋಡಿದ್ರೆ ಕೆರೆ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ" ಅಂದಿದ್ದಳು.

ಕೂತಿದ್ದ. ಅವನ ಹರೆಯದಲ್ಲಿ ಗಟ್ಟಿ ಮಂಜಿದ್ದ ಜಾಗ ಈಗ ಕೆರೆ. ಅದಕ್ಕೆ ಕಟ್ಟೆಯೆಂದರೆ ಸಡಿಲ ಕಲ್ಲುಮಣ್ಣಿನ ಗುಡ್ಡೆ. ಗುಡ್ಡೆ ಜಾರಿದ ದಿನ ನೀರು ಎಲ್ಲಿಗೆ ನುಗ್ಗುತ್ತದೆಂದು ಅವಳು ಕೈಮಾಡಿ ತೋರಿಸಿದ್ದಳು: ನೇರ ಕೆಳಗೆ, ಹಳ್ಳದ ಪಕ್ಕದ ಸಮತಟ್ಟು ನೆಲಕ್ಕೆ. ಪ್ರತಿ ಬೇಸಿಗೆ ಅಲ್ಲೇ ಅವನ ಸೊಸೆ ಬುರುಲ್ ಕಂಬಳಿ ಗುಡಾರ ಹಾಕುವುದು; ಅದರೊಳಗೆ ಇಬ್ಬರು ಮೊಮ್ಮಕ್ಕಳು. ಆ ಗುಡಾರವನ್ನು ದಿಬ್ಬದ ಮೇಲಕ್ಕೆ ಎತ್ತಿಸಬೇಕು, ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಹೇಳಿ ಹೇಳಿ ಸೋತಿದ್ದ. ಮಗ ಕುರಿಗಳ ಜೊತೆ ಆಚೆ ಕಣಿವೆಯಲ್ಲಿದ್ದ. ಇದ್ದಿದ್ದರೂ ಹೆಂಡತಿಯ ಮಾತೇ ಅವನ ಮಾತು.

"ಬಾಯಲ್ಲಿ ಹೇಳಿದ್ರೆ ಯಾರೂ ಕೇಳಲ್ಲ ದೊಡ್ಡಪ್ಪ" ಅಂದಿದ್ದಳು ಚೋಲ್ಪೊನ್. "ಕಣ್ಣಿಗೆ ರಾಚೋ ಹಾಗೆ ತೋರಿಸ್ಬೇಕು."

ರಾಚಿತು. ಮೊದಲು ರಾಚಿದ್ದು ಕುದುರೆ.

"ಏನೋ ಎಸೆನ್‌ಕುಲ್, ನಿನ್ನ ಕುದುರೆ ಗಬ್ಬವೇನೋ?" ಅಂದ ಅವನ ಓರಗೆಯ ಜುಮಾಷ್.

"ಗಂಡು ಕುದುರೆ ಕಣೋ. ಕಣ್ಣಿಗೆ ಔಷಧಿ ಬಿಟ್ಕೋ ಹೋಗು."

"ಕುದುರೆ ಬಿಡಿ ತಾತ, ಹಿಂದೆ ನೋಡಿ" ಅಂದಳು ಚೋಲ್ಪೊನ್. ಎಲ್ಲರೂ ಹಿಂದೆ ನೋಡಿದರು. ಬೆಟ್ಟದ ಮಡಿಲಲ್ಲಿ ಕೆರೆ ಹಸಿರುನೀಲಿ ಹರಳಿನ ಹಾಗೆ ಕೂತಿತ್ತು. ಹೆಂಗಸರು ಕೆನ್ನೆಗೆ ಕೈ ಹಚ್ಚಿ, "ಅಯ್ಯೋ, ಎಷ್ಟು ಚಂದ!" ಅಂದರು. ಕೆರೆಯಿಂದ ಒಂದು ಬಿಳಿ ಪಟ್ಟೆ ಹೊರಟು, ಕಪ್ಪು ಬಂಡೆಗಳ ನಡುವೆ ಇಳಿದು, ಸಮತಟ್ಟಿನಲ್ಲಿ ಅಗಲವಾಗಿ ಹರಡಿತ್ತು.

"ಈ ಬಿಳೀ ದಾರಿ ಎಲ್ಲಿಗೆ ಬರುತ್ತೆ, ಹೇಳಿ?"

"ನಮ್ಮನೆ ಬಾಗಿಲಿಗೆ!" ಎಂದಳು ಬುರುಲ್. ಅವಳ ಮುಖ ಅರಳಿತು.

ಜುಮಾಷ್ ಎರಡೂ ಅಂಗೈ ಬಿಡಿಸಿ ಹಿಡಿದ. "ದಾರಿ ಬೆಳ್ಳಗಿರಲಿ" ಎಂದ, ಊರು ಬಿಟ್ಟು ಹೊರಡುವವರನ್ನು ಹರಸುವ ಹಾಗೆ. ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡರು.

ಚೋಲ್ಪೊನ್ ಪಟ್ಟಣದಲ್ಲಿ ಹುಟ್ಟಿ ರಷ್ಯನ್ ಶಾಲೆಯಲ್ಲಿ ಓದಿದವಳು. ನೀರು ನುಗ್ಗುವ ಜಾಡು ಕರಿ ಕಲ್ಲಿನ ಮೇಲೆ ಎದ್ದು ಕಾಣಲಿ ಎಂದು ಬಿಳಿ ಬಳಿದಿದ್ದಳು. ಜನ ಭಯಬಿದ್ದು ದೇವರನ್ನು ನೆನೆದರು ಎಂದುಕೊಂಡು, ಆ ಎತ್ತಿದ ಕೈಗಳದೂ ಒಂದು ಫೋಟೋ ತೆಗೆದುಕೊಂಡಳು.

"ಅವರು ಹೆದರಿಲ್ಲ ಮಗಳೇ, ಹರಸಿದರು" ಎಂದ ಎಸೆನ್‌ಕುಲ್. ಹೊರಟ ಜೀಪಿನ ಸದ್ದಿನಲ್ಲಿ ಅದು ಕೇಳಿಸದೆ ಅವಳು ನಕ್ಕು ಕೈಬೀಸಿದಳು.

ಚಿತ್ರ ಕೆಲಸ ಶುರು ಮಾಡಿತು. ಬಿಳಿ ದಾರಿಯ ಪಾಲು ತಮಗೂ ಇರಲಿ ಎಂದು ಇನ್ನೆರಡು ಮನೆಯವರು ದಿಬ್ಬ ಇಳಿದು ಬಂದು ಬುರುಲ್ ಪಕ್ಕದಲ್ಲೇ ಗುಡಾರ ಹಾಕಿದರು. ಹಾದುಹೋಗುವ ಪ್ರವಾಸಿಗರು ಚಿತ್ರದ ಮುಂದೆ ನಿಂತು ಫೋಟೋ ಹೊಡೆಸಿಕೊಂಡರು. ಬುರುಲ್ ಅವರಿಗೆ ಹುಳಿಬಂದ ಕುದುರೆ ಹಾಲು ಮಾರಿದಳು.

ಬಿಸಿಲು ಬಲಿಯಿತು. ಮಧ್ಯಾಹ್ನವಾದರೆ ಹಳ್ಳದ ನೀರು ಕೆಂಪಾಗಿ ಬರತೊಡಗಿತು.

"ಬುರುಲ್, ಆ ನೀರಿನ ಬಣ್ಣ ನೋಡಮ್ಮ."

"ದಾರಿ ಬೆಳ್ಳಗಿದೆ ಮಾವ. ನೀವ್ಯಾಕೆ ಅಪಶಕುನ ನುಡೀತೀರಿ?" ಎಂದು ಅವನ ಬಟ್ಟಲಿಗೆ ಅಂಚಿನ ತನಕ ಚಹಾ ಸುರಿದಳು. ಆ ಬೆಟ್ಟದಲ್ಲಿ ತುಂಬಿದ ಬಟ್ಟಲೆಂದರೆ ಕುಡಿದು ಎದ್ದು ಹೋಗಿ ಎಂದು ಅರ್ಥ.

ಕುಡಿದು ಎದ್ದ. ಆದರೆ ಅವಳ ಮಾತು ತಲೆಯಲ್ಲೇ ಉಳಿಯಿತು.

ಮರುದಿನ ಬೆಳಗ್ಗೆ ಹೆಂಗಸರೆಲ್ಲ ಹಾಲು ಕರೆಯಲು ಹೋದಾಗ, ಮುದುಕ ಚಹಾ ಕೆಟಲಿನ ಮಸಿ ಕೆರೆದು ಕುರಿಕೊಬ್ಬಿನಲ್ಲಿ ಕಲಸಿದ. ಕೆರೆಯಿಂದ ಬಾಗಿಲ ತನಕ ಬಿಳಿ ದಾರಿಯನ್ನು ನಿಧಾನವಾಗಿ, ಒಂದು ಚೂರೂ ಉಳಿಯದ ಹಾಗೆ ಕಪ್ಪಾಗಿಸಿದ.

"ಯಾವನೋ ಅವನು ನಮ್ಮ ದಾರಿಗೆ ಮಸಿ ಬಳಿದವನು? ಅವನ ಕೈ ಸೇದಿಹೋಗ!" ಬುರುಲ್‌ಳ ಕೂಗಿಗೆ ಕುದುರೆಗಳು ಬೆದರಿದವು.

ಜುಮಾಷ್ ಚಿತ್ರ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. "ಕಪ್ಪು ದಾರಿ ಬಾಗಿಲಿಗೆ ಬಂದ್ಮೇಲೆ ಅಲ್ಲಿ ಮಕ್ಕಳನ್ನ ಮಲಗಿಸಬಾರದು ತಾಯಿ. ಎತ್ತಿ, ಎತ್ತಿ."

ಹೊತ್ತು ಮುಳುಗುವುದರೊಳಗೆ ಮೂರೂ ಗುಡಾರ ದಿಬ್ಬದ ಮೇಲಿದ್ದವು. "ಏನ್ ಮಾವ, ಮದುವೆಗೆ ಬಂದವರ ಹಾಗೆ ಕೂತಿದೀರಲ್ಲ, ಹಗ್ಗ ಹಿಡೀರಿ!" ಎಂದು ಸೊಸೆ ರೇಗಿದಳು. ಅವನು ಹಿಡಿದ.

ಅದೇ ವಾರ ಕಟ್ಟೆ ಜಾರಿತು. ಕೆಸರು, ಬಂಡೆ, ಮಂಜಿನ ತುಂಡು ಒಟ್ಟೊಟ್ಟಿಗೆ ಉರುಳಿ ಬಂದು ಸಮತಟ್ಟನ್ನೇ ಬಳಿದುಕೊಂಡು ಹೋದವು. ಕಂಬಗಳು ಹೋದವು, ಚಿತ್ರವೂ ಹೋಯಿತು. ದಿಬ್ಬದ ಮೇಲೆ ಬುರುಲ್ ಮಕ್ಕಳಿಬ್ಬರನ್ನೂ ಅವಚಿಕೊಂಡು ನಿಂತಿದ್ದಳು.

ಮಾತಾಡಿದವನು ಜುಮಾಷ್. "ನೋಡಿದ್ರಾ, ಆ ಮಸಿ ಬಳಿದ ಪಾಪಿ ಎಂಥ ಕೆಲಸ ಮಾಡ್ಬಿಟ್ಟ! ದಾರಿ ಬೆಳ್ಳಗಿದ್ದಾಗ ಏನಾದ್ರೂ ಆಗಿತ್ತಾ?"

ಇಲ್ಲವೆಂದು ಎಲ್ಲರೂ ತಲೆಯಾಡಿಸಿದರು. ಎಸೆನ್‌ಕುಲ್ ಕೂಡ.

ಮಾರನೆಯ ದಿನ ಚೋಲ್ಪೊನ್ ಓಡಿಬಂದು ದೊಡ್ಡಪ್ಪನನ್ನು ತಬ್ಬಿಕೊಂಡಳು. ಮಸಿಯ ಮಾತು ಅವಳ ಕಿವಿಗೂ ಬಿದ್ದಿತ್ತು. ಹಳ್ಳಿಯವರ ಮೂಢನಂಬಿಕೆ ಎಂದು ನಕ್ಕುಬಿಟ್ಟಿದ್ದಳು.

"ಎಲ್ಲರೂ ಮೇಲಕ್ಕೆ ಬಂದಿದ್ರಂತಲ್ಲ! ಚಿತ್ರ ಕೆಲಸ ಮಾಡ್ತು ದೊಡ್ಡಪ್ಪ!"

"ಮಾಡ್ತು ಮಗಳೇ."

"ಆಚೆ ಕಣಿವೆಗೂ ಇಂಥದ್ದೇ ಒಂದು ಮಾಡಿಸ್ತಿದೀನಿ. ಅಲ್ಲೂ ಕೆರೆ ತುಂಬ್ತಿದೆ."

"ದಾರಿಗೆ ಯಾವ ಬಣ್ಣ? ಕಪ್ಪು ಬಳಿಯಬಾರದಾ?"

"ಕಪ್ಪು ಕಲ್ಲಿನ ಮೇಲೆ ಕಪ್ಪೇ? ಬಿಳಿಯೇ ಸರಿ. ಎದ್ದು ಕಾಣುತ್ತೆ."

ಮುದುಕ ಗಡ್ಡ ನೀವಿಕೊಂಡ. "ಅಲ್ಲಿಯೋರು ಚಹಾ ಕಾಯಿಸೋದು ಗ್ಯಾಸಿನ ಮೇಲೋ, ಬೆರಣಿ ಒಲೆ ಮೇಲೋ?"

ಈ ಪ್ರಶ್ನೆ ಯಾಕೆಂದು ಚೋಲ್ಪೊನ್‌ಗೆ ತಿಳಿಯಲಿಲ್ಲ. ಬುರುಲ್ ಕೆಟಲ್ ಎತ್ತಿದವಳು ಹಾಗೇ ನಿಂತಳು. ಅದರ ಒಂದು ಮಗ್ಗುಲಲ್ಲಿ ಮಸಿ ಇನ್ನೂ ತೆಳ್ಳಗಿತ್ತು. ಅದನ್ನು ನೋಡಿದಳು, ಮಾವನ ಉಗುರುಗಳನ್ನು ನೋಡಿದಳು, ನೆಲದಲ್ಲಿ ಕಚ್ಚಾಡುತ್ತಿದ್ದ ಮಕ್ಕಳನ್ನು ನೋಡಿದಳು.

"ಬೆರಣಿನೇ ಮಾವ" ಎಂದಳು. "ಮಸಿಗೇನೂ ಬರ ಇಲ್ಲ."

ಅವನ ಬಟ್ಟಲಿಗೆ ಅರ್ಧವೇ ಚಹಾ ಬಗ್ಗಿಸಿದಳು. ಮುಗಿದಂತೆಲ್ಲ ಮತ್ತೆ ಬಗ್ಗಿಸಿದಳು.