ಚಿತ್ರದ ಎಡಬದಿ

"ಸ್ವಲ್ಪ ದಾರಿ ಬಿಡಿ, ದಾರಿ! ಗಾಜಿದೆ, ಗಾಜು!"

ಗ್ಯಾಲರಿಯಿಂದ ಬಂದ ಇಬ್ಬರು ಆಳೆತ್ತರದ ಚೌಕಟ್ಟೊಂದನ್ನು ಸಭಾಂಗಣದ ಬಾಗಿಲಲ್ಲಿ ಸಿಕ್ಕಿಸಿಕೊಂಡು ಒದ್ದಾಡುತ್ತಿದ್ದರು. ಅಮ್ಮನ ಶವಪೆಟ್ಟಿಗೆಯ ಪಕ್ಕದಲ್ಲಿ ಕೂತಿದ್ದ ಮಗಳು ಎದ್ದು ಬಂದು ಒಂದು ಮೂಲೆಗೆ ಕೈ ಕೊಟ್ಟಳು. ಮುಚ್ಚಿದ್ದ ಬಟ್ಟೆ ಜಾರಿತು.

"ಅಯ್ಯೋ, ಇದನ್ಯಾಕೆ ತಂದ್ರಿ?"

"ಫೋಟೋ ತೆಗೆದ ಮೇಡಂ ಹೇಳಿದ್ರು. ತಲೆ ಹತ್ರ ನಿಲ್ಲಿಸ್ಬೇಕಂತೆ. ಅವರೇ ಬಂದು ಮಾತಾಡ್ತಾರಂತೆ."

ಕಪ್ಪು ಬಿಳುಪಿನ ಚಿತ್ರ. ಲಾಂಡ್ರಿಯ ಗೋಡೆಯತ್ತ ತಿರುಗಿ ಅದಕ್ಕೆ ಒರಗಿ, ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡು ನಿಂತ ಹೆಂಗಸು. ಬೆನ್ನ ಮೇಲೆ ಒದ್ದೆ ಏಪ್ರನ್ನಿನ ಗಂಟು, ಸುತ್ತ ಹಬೆ. ಕೆಳಗೆ ಒಂದೇ ಪದ: ದುಃಖ. ಪುಸ್ತಕಗಳ ರಟ್ಟಿನ ಮೇಲೆ, ಕ್ಯಾಲೆಂಡರುಗಳಲ್ಲಿ, ಆಸ್ಪತ್ರೆಯ ಗೋಡೆಗಳ ಮೇಲೆ ಈ ಬೆನ್ನು ಕಾಣದವರಿಲ್ಲ. ಆದರೆ ಅದು ಯಾರ ಬೆನ್ನು ಎಂಬುದು ಊರಿಗೆ ಗೊತ್ತಾಗಿದ್ದು ಈ ದಿನ ಬೆಳಿಗ್ಗೆ. 'ದುಃಖದ ಹೆಂಗಸು ಇನ್ನಿಲ್ಲ' ಎಂದು ಮೇಡಂ ಪತ್ರಿಕೆಯಲ್ಲಿ ಹಾಕಿಸಿದ್ದರು.

ಲಾಂಡ್ರಿಯವರು ಅಮ್ಮನನ್ನು ಸೀಟಿಯಕ್ಕ ಎಂದೇ ಕರೆಯುತ್ತಿದ್ದರು. ದೊಡ್ಡ ಮೆಷಿನ್ನುಗಳು ಗುಡುಗುವಾಗಲೂ ಅವಳು ಹೊಡೆಯುವ ಸೀಟಿ ಗೇಟಿನವರೆಗೆ ಕೇಳುತ್ತಿತ್ತು.

"ದುಃಖ ಅಂತೆ, ದುಃಖ!" ಹಿಂದಿನ ಸಾಲಿನಿಂದ ಇಸ್ತ್ರಿ ಅತ್ತೆ ಪಿಸುಗುಟ್ಟಿದಳು. ಲಾಂಡ್ರಿಯಲ್ಲಿ ಅಮ್ಮನ ಪಕ್ಕದ ಮೇಜು ಅವಳದು. "ಇದನ್ನ ಇಲ್ಲಿ ನೋಡಿದ್ರೆ ಅವಳು ಎದ್ದು ಕೂತು ನಗ್ತಿದ್ಲು. ಇವತ್ತಾದ್ರೂ ಬಾಯಿ ಬಿಡೇ."

"ಅಮ್ಮಂಗೆ ಮಾತು ಕೊಟ್ಟಿದೀನಿ ಅತ್ತೆ. ಅದೂ ಅಲ್ದೆ, ಮುಂದೆ ಯಾರು ಕೂತಿದಾರೆ ನೋಡಿ."

ಮುಂದಿನ ಸಾಲಿನಲ್ಲಿ ಬೀಗರು ಕೂತಿದ್ದರು. ತಾಯಿ ಮಗಳಿಗೆ ಯಾವ ಸಂಬಂಧದಿಂದಲೂ ಬೀಗರಲ್ಲ. ಬೀಗ ರಿಪೇರಿ ಮಾಡುವವರಾದ್ದರಿಂದ ಸೀಟಿಯಕ್ಕನೇ ಇಟ್ಟ ಹೆಸರು. ಪತ್ರಿಕೆಯನ್ನು ಮೊಣಕಾಲ ಮೇಲೆ ಮಡಚಿಟ್ಟುಕೊಂಡು, ಒಮ್ಮೆ ಚಿತ್ರವನ್ನೂ ಒಮ್ಮೆ ಪೆಟ್ಟಿಗೆಯನ್ನೂ ನೋಡುತ್ತಿದ್ದರು.

*

ಆ ಚಿತ್ರ ಮೊದಲ ಸಲ ಗ್ಯಾಲರಿಯ ಗೋಡೆ ಏರಿದಾಗ ಮಗಳಿನ್ನೂ ಹಾಲುಹಲ್ಲು ಬೀಳುವ ಹುಡುಗಿ. ಅಮ್ಮ ಅವಳ ಕೈ ಹಿಡಿದು ದರದರ ಎಳೆದುಕೊಂಡು ಹೊರಟಿದ್ದಳು.

"ದುಃಖ ಅಂತ ಬರೆದಿದಾರಂತೆ! ನಡಿ, ಅಳಿಸಿ ಬರೆಸ್ತೀನಿ."

ನಡೆದದ್ದು ಇಷ್ಟೇ. ಶಾಲೆಗೆ ರಜೆ ಇದ್ದ ದಿನ ಮಗಳು ಲಾಂಡ್ರಿಗೆ ಬಂದಿದ್ದಳು. ಊಟದ ಬಿಡುವಿನಲ್ಲಿ ತಾಯಿ ಮಗಳು ಕಣ್ಣಾಮುಚ್ಚಾಲೆ ಆಡಿದ್ದರು. ಅಮ್ಮ ಗೋಡೆಗೆ ಒರಗಿ, ಮುಖ ಮುಚ್ಚಿಕೊಂಡು ಎಣಿಸುತ್ತಿದ್ದಳು. ಕೆಲಸದವರ ಚಿತ್ರ ತೆಗೆಯಲೆಂದು ಆ ವಾರವೆಲ್ಲ ಅಲ್ಲೇ ಓಡಾಡಿಕೊಂಡಿದ್ದ ಫೋಟೋದವಳು ಎಲ್ಲಿಂದಲೋ ಕ್ಲಿಕ್ಕಿಸಿದ್ದಳು.

ಗ್ಯಾಲರಿಯಲ್ಲಿ ಚಿತ್ರದ ಎದುರು ಒಬ್ಬ ಗಂಡಸು ನಿಂತು ಅಳುತ್ತಿದ್ದ. ಸದ್ದಿಲ್ಲ, ಗಲ್ಲದಿಂದ ನೀರು ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಅಮ್ಮ ಕರವಸ್ತ್ರ ಕೊಟ್ಟಳು.

"ಹೆಂಡ್ತಿ ಹೋಗಿ ವರ್ಷ ಆಯ್ತಮ್ಮ," ಎಂದ. "ಒಂದು ಹನಿ ಬಂದಿರ್ಲಿಲ್ಲ. ಜನ ಕಲ್ಲೆದೆಯವನು ಅಂದ್ರು. ಇವತ್ತು ಈಯಮ್ಮನ್ನ ನೋಡ್ದೆ, ನೋಡಿ, ನಿಲ್ತಾನೇ ಇಲ್ಲ. ಯಾರೋ, ಏನಾಗಿತ್ತೋ, ಪಾಪ."

ಅಮ್ಮ ಬಾಯಿ ತೆರೆದಳು. ಮಗಳು ಕಾದಳು. ಅಮ್ಮ ಬಾಯಿ ಮುಚ್ಚಿದಳು.

"ಯಾರೋ ಏನೋ," ಎಂದಳು. "ನಮಗೇನು ಗೊತ್ತು."

ಮರಳುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿಗೆ ಮುಖ ಇಟ್ಟು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಮಗಳ ಕಿವಿ ಹಿಡಿದು ಮೆಲ್ಲಗೆ ತಿರುವಿದಳು. "ಬಾಯಿ ಬಿಟ್ಟೀಯ, ಜೋಕೆ. ನಾವು ಹೇಳ್ಬಿಟ್ರೆ ಆ ಮನುಷ್ಯ ಅಳೋಕೆ ಎಲ್ಲಿಗೆ ಹೋಗ್ತಾನೆ?"

ಆಮೇಲಿನ ಎಷ್ಟೋ ಭಾನುವಾರ ಅವಳು ಗ್ಯಾಲರಿಗೆ ಹೋದಳು. ಚಿತ್ರದ ಎದುರಿನ ಬೆಂಚಿನಲ್ಲಿ, ಅಂದು ಅತ್ತಿದ್ದ ಆ ಬೀಗರ ಪಕ್ಕ ಕೂತು ಕಡಲೆಕಾಯಿ ತಿಂದಳು. ತನ್ನ ಬೆನ್ನನ್ನು ತಾನೇ ನೋಡಿದಳು. ನಾನೇ ಅದು ಎಂದು ಒಂದು ದಿನಕ್ಕೂ ಅನ್ನಲಿಲ್ಲ.

*

ಮೇಡಂ ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಪೆಟ್ಟಿಗೆಯ ಪಕ್ಕ ನಿಂತು, ಚೌಕಟ್ಟಿನ ಮೇಲೆ ಕೈಯಿಟ್ಟು ಮಾತು ಶುರು ಮಾಡಿದರು.

"ಈ ತಾಯಿಯ ಎದೆಯಲ್ಲಿ ಎಂಥ ಸಂಕಟ ಇತ್ತೋ, ಕೇಳೋ ಧೈರ್ಯ ನನಗೆ ಆಗ್ಲಿಲ್ಲ..."

ಹಿಂದಿನ ಸಾಲಿನಲ್ಲಿ ಇಸ್ತ್ರಿ ಅತ್ತೆ ಗೊಳ್ ಎಂದು ನಗಬೇಕಿದ್ದವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಪಕ್ಕದವಳಿಗೂ ತಡೆಯಲಾಗಲಿಲ್ಲ. ಲಾಂಡ್ರಿಯ ಇಡೀ ಸಾಲು ಅಂಗೈಗಳಲ್ಲಿ ಮುಖ ಹುದುಗಿಸಿ, ಭುಜ ಕುಲುಕಿಸುತ್ತ ಕೂತಿತು. ಅವರೆಲ್ಲ ಅಳುತ್ತಿದ್ದಾರೆಂದುಕೊಂಡು ಮೇಡಂ ಅತ್ತ ತಿರುಗಿದರು. "ನೋಡಿ, ಅದೇ ದುಃಖ!" ಎಂದು ಅವರು ಬೆರಳು ತೋರಿಸಿದ್ದೇ ತಡ, ಮಗಳ ಬಾಯಿಂದ ನಗೆ ಚಿಮ್ಮಿಬಿಟ್ಟಿತು.

ಎಲ್ಲರೂ ಅವಳನ್ನೇ ನೋಡಿದರು. ಇನ್ನು ಮುಚ್ಚಿಡುವಂತಿರಲಿಲ್ಲ. ಅವಳು ಎದ್ದು ನಿಂತಳು.

"ಕ್ಷಮಿಸಿ ಮೇಡಂ. ಅಮ್ಮ ಅಳ್ತಿರ್ಲಿಲ್ಲ. ಎಣಿಸ್ತಿದ್ಲು. ನಾವು ಕಣ್ಣಾಮುಚ್ಚಾಲೆ ಆಡ್ತಿದ್ವಿ."

ಬೀಗರು ನಿಧಾನವಾಗಿ ಎದ್ದರು. ಅವರು ಚಿತ್ರದ ಹತ್ತಿರ ಹೋಗಿ, ಕನ್ನಡಕ ಹಾಕಿ, ಆ ಬೆನ್ನನ್ನು ಬಹಳ ಹೊತ್ತು ನೋಡಿದರು.

"ಎಷ್ಟರ ತನಕ ಎಣಿಸೋರು?"

"ಇಪ್ಪತ್ತು. ಆದ್ರೆ ಹನ್ನೆರಡಾದ್ಮೇಲೆ ಸೀದಾ ಇಪ್ಪತ್ತಕ್ಕೆ ಹಾರೋಳು. ಕಳ್ಳಿ."

"ಕಳ್ಳಿ!" ಬೀಗರ ಮುಖ ಅರಳಿತು. "ನನ್ನವಳೂ ಹಂಗೇ ಕಣಮ್ಮ. ಇಸ್ಪೀಟಲ್ಲಿ ಎಲೆ ಬಚ್ಚಿಡೋಳು. ಸೆರಗಲ್ಲಿ! ಸಿಕ್ಕಿಬಿದ್ರೆ ನನ್ನ ಮೇಲೇ ರೇಗೋಳು!" ಅವರು ನಕ್ಕರು. ಇಷ್ಟು ವರ್ಷ ಅಳುವುದಕ್ಕೆಂದೇ ಬರುತ್ತಿದ್ದ ಚಿತ್ರದ ಮುಂದೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಪಕ್ಕದಲ್ಲೇ ಕೂತ್ಕೊಂಡು ಕಡಲೆಕಾಯಿ ತಿಂದ್ರಲ್ಲ, ಮಾರಾಯ್ತಿ! ಇರ್ಲಿ, ನೀನೆಲ್ಲಿ ಅಡಗಿದ್ದೆ?"

"ಬುಟ್ಟೀಲಿ. ಮಾಸಿದ ಬೆಡ್‌ಶೀಟ್ ಹಾಕೋ ಬುಟ್ಟೀಲಿ."

"ಬುಟ್ಟಿ?" ಅಲ್ಲಿಯವರೆಗೆ ಮಂಕಾಗಿ ನಿಂತಿದ್ದ ಮೇಡಂ ಬೆಚ್ಚಿದರು. "ಬೆತ್ತದ ಬುಟ್ಟಿ? ಎಡಗಡೆ?"

"ಹೌದು."

"ಅಯ್ಯೋ ದೇವರೇ, ನಾನೇ ಕತ್ತರಿಸಿ ಹಾಕ್ದೆ! ಚಿತ್ರಕ್ಕೆ ಅಡ್ಡ ಅಂತ!" ಅವರು ಕೈಚೀಲವನ್ನು ಕುರ್ಚಿಯ ಮೇಲೆ ಸುರಿದರು. ಔಷಧಿ, ಬಾಚಣಿಗೆ, ಪೆನ್ನು ಉರುಳಿಹೋದವು. ಫೋನು ಸಿಕ್ಕಿತು. "ಹಳೇ ನೆಗೆಟಿವ್ ಎಲ್ಲ ಇದರಲ್ಲಿ ಹಾಕ್ಸಿದೀನಿ. ತಡೀರಿ, ಯಾರೂ ಹೋಗ್ಬೇಡಿ! ಇದಲ್ಲ... ಇದೂ ಅಲ್ಲ..."

ಕುರ್ಚಿಗಳು ಕಿರಗುಟ್ಟಿದವು. ಲಾಂಡ್ರಿಯವರೆಲ್ಲ ಎದ್ದು ಬಂದು ಮುತ್ತಿಕೊಂಡರು. ಚೌಕಟ್ಟು ಹೊತ್ತು ತಂದವರಿಬ್ಬರೂ ಕತ್ತು ಉದ್ದ ಮಾಡಿದರು.

"ಸಿಕ್ತು!"

"ಎಲ್ಲಿ, ಎಲ್ಲಿ? ಸ್ವಲ್ಪ ಸರೀರಿ!"

ಮೇಡಂ ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದರು. ಬೆತ್ತದ ಬುಟ್ಟಿ. ಬಟ್ಟೆಯ ರಾಶಿ. ಅದರ ನಡುವೆ ಕೆದರಿದ ತಲೆ, ಎರಡು ಕಣ್ಣು, ನಗು ತಡೆಯಲು ಬಾಯಿಗೆ ಒತ್ತಿಕೊಂಡ ಪುಟ್ಟ ಮುಷ್ಟಿ.

"ಏ, ನೀನೇ ಕಣೇ!" ಇಸ್ತ್ರಿ ಅತ್ತೆ ಕೂಗಿದಳು.

ಬೀಗರು ಫೋನನ್ನು ಕೈಗೆ ತೆಗೆದುಕೊಂಡರು. ಸೂಕ್ಷ್ಮವಾದ ಬೀಗಕ್ಕೆ ಕೈ ಹಾಕುವವರಂತೆ ಉಸಿರು ಬಿಗಿಹಿಡಿದು, ಅದನ್ನು ದೊಡ್ಡ ಚೌಕಟ್ಟಿನ ಎಡ ಅಂಚಿಗೆ ತಂದರು. ಒಂದಿಷ್ಟು ಮೇಲೆ, ಒಂದಿಷ್ಟು ಕೆಳಗೆ ಸರಿಸಿ, ನೆಲದ ಗೆರೆಗೆ ನೆಲದ ಗೆರೆ ಸೇರಿಸಿ ಹಿಡಿದರು. ಗೋಡೆಗೆ ಒರಗಿ ನಿಂತ ಹೆಂಗಸಿನ ಬೆನ್ನ ಹಿಂದೆ, ಆ ಪುಟ್ಟ ಬೆಳಕಿನ ಚೌಕದಲ್ಲಿ, ಮಗು ಬಾಯಿಗೆ ಮುಷ್ಟಿ ಒತ್ತಿಕೊಂಡು ಅವಳನ್ನೇ ನೋಡುತ್ತಿತ್ತು.