ಪೆಟ್ಟಿಗೆಯೊಳಗಿನ ಸುಗುಣಮ್ಮ

ತೆಲಂಗಾಣದ ಮರಿಕಲ್ ಬಸ್ ನಿಲ್ದಾಣದ ಎದುರಿನ ತನ್ನ ರಿಪೇರಿ ಅಂಗಡಿಯಲ್ಲಿ ಕರಿಬಸಯ್ಯ ಯಾರದೋ ಮಿಕ್ಸಿಯನ್ನು ಬಿಚ್ಚಿಕೊಂಡು ಕೂತಿದ್ದ. ಊಟದ ಹೊತ್ತು ಮೀರಿತ್ತು. ಅವನದೇ ಊರಿನ ಗೋಪಾಲ್ ಒಳಗೆ ಬಂದವನು, ಕೂರದೆ ಗೋಡೆಯ ಮೊಳೆಗೆ ತೂಗುಹಾಕಿದ್ದ ಇಕ್ಕಳಕ್ಕೆ ಕೈ ಹಾಕಿದ.

"ಅಯ್ಯೋರೆ, ಈ ಪಕ್ಕಡ ಒಯ್ತೀನ್ರಿ. ಸಂಜಿಗೆ ತಂದು ಕೊಡ್ತೀನಿ."

"ಒಯ್ಯಿ. ಹೋದ ಸಲ ಸ್ಕ್ರೂಡ್ರೈವರ್ ಒಯ್ದು ತೆಂಗಿನಕಾಯಿ ಸುಲಿದು ತಂದಿದ್ದಿ. ಇದರಿಂದ ಏನು ಸುಲಿಯಾಂವ?"

ಗೋಪಾಲ್ ನಗಲಿಲ್ಲ. "ಹಲ್ಲು ಕೀಳಾಕ್ರಿ."

"ಯಾರ ಹಲ್ಲೋ?"

"ಸುಗುಣಮ್ಮಂದು. ಗದ್ವಾಲದಿಂದ ಬರಾಕತ್ತ್ಯಾಳ, ನಾಕರ ಬಸ್ಸಿಗೆ. ಮುಂದಿನ ಎರಡು ಹಲ್ಲು ಕಿತ್ತರ ಬಾಣಾಮತಿ ಮಂತ್ರ ಬಾಯಾಗ ನಿಲ್ಲಂಗಿಲ್ಲಂತ. ಮಂತ್ರಗಾರ ಹೇಳ್ಯಾನ."

ಕರಿಬಸಯ್ಯ ತಲೆಯೆತ್ತುವಷ್ಟರಲ್ಲಿ ಗೋಪಾಲ್ ಬೈಕ್ ಹತ್ತಿ ಹೋಗಿಯಾಗಿತ್ತು. ಮಿಕ್ಸಿಯ ಸ್ಕ್ರೂ ಒಂದು ಅವನ ಬೆರಳಿಂದ ಜಾರಿ ಮೇಜಿನಡಿ ಉರುಳಿತು. ಅವನು ಅದನ್ನು ಹುಡುಕಲಿಲ್ಲ.

ಸುಗುಣಮ್ಮ ಬಾಣಾಮತಿಯ ಮಾಟ ಮಾಡಿಲ್ಲ ಎನ್ನುವುದು ಊರಲ್ಲಿ ಒಬ್ಬನಿಗೆ ಮಾತ್ರ ಖಾತ್ರಿ ಗೊತ್ತಿತ್ತು. ಆ ಒಬ್ಬ ಕರಿಬಸಯ್ಯನೇ.

ಏಳನೇ ತರಗತಿಗೆ ಶಾಲೆ ಬಿಟ್ಟ ಅವನಿಗೆ ನಲವತ್ತೇಳನೇ ವಯಸ್ಸಿನಲ್ಲಿ ಒಂದು ಹುಚ್ಚು ಹತ್ತಿತ್ತು. ಫೋನಿನಲ್ಲಿ ವಿಡಿಯೋ ನೋಡಿ ನೋಡಿ, ಬೆಂಕಿಪೊಟ್ಟಣದಷ್ಟಿರುವ ಮೈಕ್ರೋಕಂಟ್ರೋಲರ್ ಬೋರ್ಡುಗಳಿಗೆ ಪ್ರೋಗ್ರಾಂ ಹಾಕುವುದು ಕಲಿತಿದ್ದ. ಟ್ಯಾಂಕ್ ತುಂಬಿದರೆ ಕೂಗುವ ಗಂಟೆ, ಕತ್ತಲಾದರೆ ತಾನೇ ಹೊತ್ತುವ ದೀಪ. ಹೆಂಡತಿ ಸಂಗಮ್ಮ, "ಮನಿಯಾಗಿನ ದೀಪ ಮೊದಲು ಸರಿ ಮಾಡ್ರಿ" ಎಂದು ಬೈದರೂ ಕೇಳುತ್ತಿರಲಿಲ್ಲ.

ಈ ಸಲ ತೊಗರಿ ಹೊಲಕ್ಕೆ ಕಾಡುಹಂದಿಗಳು ನುಗ್ಗತೊಡಗಿದಾಗ ಅವನು ಹಳೆಯ ಬಣ್ಣದ ಡಬ್ಬಿಯೊಳಗೆ ಒಂದು ಯಂತ್ರ ಮಾಡಿದ. ಬಿಸಿ ಮೈಯಿನ ಪ್ರಾಣಿ ಮುಂದೆ ಅಲುಗಾಡಿದರೆ ಸೆನ್ಸರಿಗೆ ಗೊತ್ತಾಗಬೇಕು, ಬೋರ್ಡು ಹೇಳಬೇಕು, ಸ್ಪೀಕರ್ ಅರಚಬೇಕು. ಅರಚಲು ಒಂದು ದನಿ ಬೇಕಿತ್ತು. ಪಕ್ಕದ ಹೊಲದ ವಿಧವೆ ಸುಗುಣಮ್ಮ ಅಟ್ಟಣೆ ಹತ್ತಿ ಹಂದಿ ಬೆದರಿಸುತ್ತಿದ್ದರೆ ಆಚೆ ಊರಿನ ನಾಯಿಗಳೂ ಬಾಲ ಮುದುರುತ್ತಿದ್ದವು. ಒಂದು ಸಂಜೆ ಬದುವಿನ ಮೇಲೆ ನಿಂತು ಅವಳ ಕೂಗನ್ನು ಫೋನಿನಲ್ಲಿ ಹಿಡಿದುಕೊಂಡ. ಕೇಳಲಿಲ್ಲ, ಹೇಳಲೂ ಇಲ್ಲ. ಕೂಗಿಗೆ ಏನು ಕೇಳುವುದು ಅಂದುಕೊಂಡ.

ಆಮೇಲೆ ಸುಗುಣಮ್ಮ ಮಗಳು ರಜಿತಾಳ ಬಾಣಂತನಕ್ಕೆ ಗದ್ವಾಲಿಗೆ ಹೋದಳು. ಅವಳ ದನಿ ಮಾತ್ರ ಹೊಲದಲ್ಲಿ ಉಳಿಯಿತು.

ಮೊದಲು ಹೆದರಿದವರು ಕದ್ದು ತೊಗರಿಕಾಯಿ ಹರಿಯಲು ಬಂದವರು. ಊರಲ್ಲಿಲ್ಲದ ಹೆಂಗಸು ತೊಗರಿಯೊಳಗಿಂದ ಕೂಗುತ್ತಾಳೆಂದು ಹೋಟೆಲಿನಲ್ಲಿ ಮಾತಾದಾಗ ಕರಿಬಸಯ್ಯ ಚಹಾ ಕುಡಿಯುತ್ತ ಒಳಗೊಳಗೇ ನಕ್ಕಿದ್ದ. ಹಂದಿಯೂ ಇಲ್ಲ, ಕಳ್ಳರೂ ಇಲ್ಲ. ಹೇಳಿದರೆ ಯಂತ್ರದ ಜೋರು ಹೋಗುತ್ತದೆಂದು ಬಾಯಿ ಮುಚ್ಚಿಕೊಂಡ.

ಐದು ದಿನದ ಹಿಂದೆ ಗೋಪಾಲ್‌ನ ಮಗಳು, ಒಂಬತ್ತು ವರ್ಷದ ನವನೀತಾ, ಆ ದಾರಿಯಲ್ಲಿ ಬಂದಿದ್ದಳು. "ಎವರ್ರಾ ಅದಿ? ಬಂದ್ಯಾ? ನಿನ್ನ ಕಾಲು ಮುರೀಲಿ!" ಎಂದು, ಯಾರದು ಅಂತ ತೆಲುಗಿನಲ್ಲಿ ಕೇಳಿ ಕನ್ನಡದಲ್ಲಿ ಶಪಿಸುತ್ತ, ಸುಗುಣಮ್ಮನ ದನಿ ಅರಚಿತು. ಹುಡುಗಿ ಓಡಿ, ಬದುವಿನಿಂದ ಬಿದ್ದು, ನಿಜವಾಗಿಯೂ ಕಾಲು ಮುರಿದುಕೊಂಡಳೋ ಏನೋ, ಊದಿ ಜ್ವರ ಬಂದಿತ್ತು. ಅಂದಿನಿಂದ ಕರಿಬಸಯ್ಯ ನಗಲಿಲ್ಲ. ಹೇಳಲೂ ಇಲ್ಲ. ಗೋಪಾಲ್‌ನ ಕೈಯ ಅಳತೆ ಅವನಿಗೆ ಗೊತ್ತಿತ್ತು.

ಈಗ ಫೋನ್ ಹಚ್ಚಿದ. ಸುಗುಣಮ್ಮ ಎತ್ತಿದಳು. ಹಿಂದೆ ಬಸ್ಸಿನ ಸದ್ದು.

"ಅಕ್ಕಾ, ನೀ ಇನ್ನೊಂದೆಂಟು ದಿನ ಗದ್ವಾಲದಾಗ ಇದ್ದು ಬಾ."

"ಏನೋ ಬಸಯ್ಯಾ, ಕುಡದೀಯೇನು? ಮಕ್ತಲ್ ದಾಟಿ ಬಂದೀನಿ. ನನ್ನ ಎಮ್ಮಿ ನೀ ಹಿಂಡ್ತೀಯಾ? ಮೊಮ್ಮಗಳು ಹುಟ್ಯಾಳ, ನಿಮ್ಮ ಮನಿಗೆ ಪೇಡೆ ತಂದೀನಿ."

ಕಾರಣ ಹೇಳಲಾರದೆ ಕರಿಬಸಯ್ಯ ಫೋನ್ ಇಟ್ಟ. ಪೊಲೀಸರಿಗೆ ಹೇಳಬಹುದಿತ್ತು. ಹೇಳಿದರೆ ಇವತ್ತೊಂದು ದಿನ ಹಲ್ಲು ಉಳಿಯುತ್ತಿತ್ತು. ಬಾಣಾಮತಿಯವಳು ಎಂಬ ಹೆಸರೂ ಉಳಿಯುತ್ತಿತ್ತು, ಅವಳು ಸಾಯುವವರೆಗೆ. ಅಂಗಡಿಯ ಬಾಗಿಲು ಕೂಡ ಎಳೆಯದೆ ಬೈಕ್ ಒದ್ದು ಹೊಲದ ಕಡೆ ಓಡಿಸಿದ.

ಡಬ್ಬಿ ಕಿತ್ತುಕೊಂಡು ಊರು ಮುಟ್ಟುವಷ್ಟರಲ್ಲಿ ಬಸ್ಸು ಬಂದು ಹೋಗಿತ್ತು. ಬೇವಿನ ಕಟ್ಟೆಯ ಸುತ್ತ ನಲವತ್ತು ಜನ. ನಡುವೆ ಸುಗುಣಮ್ಮ, ಕಂಕುಳಲ್ಲಿ ಚೀಲ, ಕೈಯಲ್ಲಿ ಪೇಡೆಯ ಪೊಟ್ಟಣ. ಗೋಪಾಲ್‌ನ ಮಾವ ಆಂಜನೇಯುಲು ಅವಳ ದಾರಿಗೆ ಕೋಲು ಅಡ್ಡ ಹಿಡಿದಿದ್ದ.

"ನಾ ಏನ್ ಮಾಡೀನೋ ಹೇಳ್ರಿ ಮೊದಲು!" ಅವಳ ದನಿ ಇನ್ನೂ ಜೋರಾಗಿಯೇ ಇತ್ತು. "ತಿಂಗಳಾತು ನಾ ಊರಾಗಿಲ್ಲ."

"ಅದಕ್ಕss ಅನ್ನಾದು. ಊರಾಗಿರಲಾರದಾಕಿ ಹೊಲದಾಗ ಹೆಂಗ ಕೂಗಿದಿ?" ಎಂದ ಆಂಜನೇಯುಲು. "ಹತ್ತು ಮಂದಿ ಕೇಳ್ಯಾರ."

"ಅಕ್ಕಾ, ನಾ ನಿನ್ನ ಕೈಯಾಗ ಬೆಳದಾಂವ," ಗೋಪಾಲ್‌ನ ಧ್ವನಿ ಒಡೆಯಿತು. "ನನ್ನ ಮಗಳು ಐದು ದಿನ ಆತು ಕಣ್ಣು ಬಿಟ್ಟಿಲ್ಲ. ಕಾಲು ಮುರೀಲಿ ಅಂದಿ, ಮುರೀತು. ಎಂಥಾದ್ದು ಮಾಡಿತ್ತು ನಿನಗ ಆ ಕೂಸು?" ಅವನ ಬಲಗೈ ಬೆನ್ನ ಹಿಂದಿತ್ತು.

ಕರಿಬಸಯ್ಯ ಜನರನ್ನು ತಳ್ಳಿಕೊಂಡು ಒಳಗೆ ನುಗ್ಗಿದ. "ಕತ್ತೆಗಳೇ! ಅಕಿ ಕೂಗಿಲ್ಲ. ನನ್ನ ಡಬ್ಬಿ ಕೂಗೈತಿ!"

ಯಾರೋ ನಕ್ಕರು. "ಅಯ್ಯೋರು ಅಕಿನ್ನ ಬಿಡಸಾಕ ಡಬ್ಬಿ ತಂದಾರ," ಎಂದ ಆಂಜನೇಯುಲು. "ಹಂಗಾರ ಕೂಗಸ್ರಿ, ಕೇಳೋಣು."

ಕಟ್ಟೆಯ ಮೇಲೆ ಡಬ್ಬಿ ಇಟ್ಟು ಬ್ಯಾಟರಿಯ ತಂತಿ ಸಿಕ್ಕಿಸಿದ. ಸೆನ್ಸರ್ ಒಂದು ನಿಮಿಷ ತಡೆದು ಎಚ್ಚರಾಗುತ್ತದೆ. ಕಾದ. ಸಣ್ಣ ಕೆಂಪು ದೀಪ ಹೊತ್ತಿತು. ಡಬ್ಬಿ ಸುಮ್ಮನಿತ್ತು. ಇನ್ನೂ ಕಾದ. ಬೆವರು ಹುಬ್ಬಿನಿಂದ ಇಳಿಯಿತು. ಕೆಂಪು ದೀಪ ಕಂಡದ್ದೇ ನಲವತ್ತು ಜನರೂ ಉಸಿರು ಬಿಗಿಹಿಡಿದು ಕಲ್ಲಾಗಿದ್ದರು.

ಆಗ ಅವನಿಗೆ ಹೊಳೆಯಿತು. ಅಲುಗಾಡದವರನ್ನು ಸೆನ್ಸರ್ ಕಾಣುವುದಿಲ್ಲ.

"ಯಾರರ ಒಬ್ಬರು ಇದರ ಮುಂದ ನಡೀರಿ. ಮುಂದ ಅಲುಗಾಡಿದ್ರ ಕೂಗತೈತಿ."

ಯಾರೂ ಕಾಲೆತ್ತಲಿಲ್ಲ.

"ಹಂದಿಗಿರೋ ಧೈರ್ಯ ನಿಮಗಿಲ್ಲೇನ್ರೋ? ನಾನss ನಡೀತೀನಿ ನೋಡ್ರಿ."

"ನೀವು ನಡೆದ್ರ ಏನ್ ಕೈಚಳಕ ಮಾಡ್ತೀರೋ," ಎಂದ ಆಂಜನೇಯುಲು. ಗೋಪಾಲ್‌ನ ಕೈ ಬೆನ್ನ ಹಿಂದಿನಿಂದ ಮುಂದೆ ಬಂತು. ಇಕ್ಕಳ ಬಿಸಿಲಿಗೆ ಮಿಂಚಿತು.

ಸುಗುಣಮ್ಮ ಅದನ್ನು ನೋಡಿದಳು. ಕೋಲನ್ನು ಪಕ್ಕಕ್ಕೆ ಸರಿಸಿದಳು. ಬಾಯಿಯ ಮೇಲೆ ಸೆರಗು ಒತ್ತಿ ಹಿಡಿದು ಡಬ್ಬಿಯ ಮುಂದೆ ನಾಲ್ಕು ಹೆಜ್ಜೆ ನಡೆದಳು.

"ಎವರ್ರಾ ಅದಿ? ಬಂದ್ಯಾ? ನಿನ್ನ ಕಾಲು ಮುರೀಲಿ!"

ಅವಳದೇ ದನಿ, ಅವಳಿಗೇ. ಅವಳ ಬಾಯಿ ಮುಚ್ಚಿಯೇ ಇತ್ತು. ಡಬ್ಬಿ ಎರಡನೇ ಸಲ ಅರಚಿತು, ಮೂರನೇ ಸಲ ಅರಚಿತು. ಕರಿಬಸಯ್ಯ ತಂತಿ ಕಿತ್ತ.

"ಹಂದಿ ಸಲುವಾಗಿ ಮಾಡಿದ್ದೆ," ಎಂದ ಅವನು. "ನವನೀತಾ ಬಿದ್ದ ದಿನದಿಂದ ನನಗ ಗೊತ್ತಿತ್ತು. ಅಂಜಿ ಹೇಳಲಿಲ್ಲ."

ಗೋಪಾಲ್ ಬಂದು ಅವನ ಕೆನ್ನೆಗೆ ಬಾರಿಸಿದ. ಸಣ್ಣ ಮಾತಿಗೂ ತೋಳೇರಿಸುತ್ತಿದ್ದ ಕರಿಬಸಯ್ಯ ಎರಡೂ ಕೈ ಕೆಳಗೆ ಬಿಟ್ಟು ನಿಂತ. ಇನ್ನೊಂದು ಏಟು ಬೀಳಲೆಂದೇ ನಿಂತ ಹಾಗೆ. ಬೀಳಲಿಲ್ಲ.

"ಪಕ್ಕಡ ಎದಕ್ಕ ತಂದಿದ್ಯೋ ಗೋಪಾಲಾ?" ಸುಗುಣಮ್ಮ ಕೇಳಿದಳು.

ಅವನು ಅದನ್ನು ಜೇಬಿಗೆ ತುರುಕಿದ. ಆಂಜನೇಯುಲು ಕೋಲನ್ನು ಕೆಳಗಿಳಿಸಿದ. ಅವಳು ಒಬ್ಬೊಬ್ಬರ ಮುಖ ನೋಡುತ್ತ ಹೋದಳು. ನೋಡಿಸಿಕೊಂಡವರು ಒಂದೊಂದು ಹೆಜ್ಜೆ ಹಿಂದೆ ಸರಿದರು.

"ಐದು ದಿನದಾಗ ಕೂಸಿನ್ನ ದವಾಖಾನಿಗೆ ತೋರಿಸೀರೇನು?"

"ಮಂತ್ರಗಾರ..." ಎಂದು ಗೋಪಾಲ್ ಅಲ್ಲಿಗೇ ನಿಂತ.

"ಆಟೋ ಕರೀರಿ. ನಾರಾಯಣಪೇಟಿಗೆ ನಾನೂ ಬರ್ತೀನಿ." ಪೇಡೆಯ ಪೊಟ್ಟಣವನ್ನು ಕಟ್ಟೆಯ ಮೇಲೆ ಇಟ್ಟಳು. ಆಮೇಲೆ ಕರಿಬಸಯ್ಯನ ಮುಂದೆ ಅಂಗೈ ಚಾಚಿದಳು. "ನನ್ನ ದನಿ ನನಗ ಕೊಡು."

ಅವನು ಡಬ್ಬಿಯೊಳಗಿಂದ ಉಗುರಿನಷ್ಟಿದ್ದ ಮೆಮೊರಿ ಕಾರ್ಡನ್ನು ತೆಗೆದು ಅವಳ ಕೈಯಲ್ಲಿಟ್ಟ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಗೋಪಾಲ್‌ನ ಮನೆಯ ಕಡೆ ನಡೆದಳು. ಕರಿಬಸಯ್ಯ ಕ್ಷಮೆ ಕೇಳಲು ಬಾಯಿ ತೆರೆದ, ಅವಳು ನಿಲ್ಲಲಿಲ್ಲ.

ಹುಡುಗಿಯ ಕಾಲಿಗೆ ಪ್ಲಾಸ್ಟರ್ ಬಿತ್ತು. ಮೂರನೇ ದಿನ ಗೋಪಾಲ್ ಅಂಗಡಿಗೆ ಬಂದು ಇಕ್ಕಳವನ್ನು ಅದೇ ಮೊಳೆಗೆ ತೂಗುಹಾಕಿ ಹೋದ.

ಆ ಮಧ್ಯಾಹ್ನ ಕರಿಬಸಯ್ಯ ಹೊಸ ಕಾರ್ಡು ಮುಂದಿಟ್ಟುಕೊಂಡು ಫೋನನ್ನು ಬಾಯಿಗೆ ಹಿಡಿದ. ಮೊದಲು ಅಭ್ಯಾಸದಂತೆ ಒಂದು ಹೊಲಸು ಬೈಗುಳ ಬಂತು. ಅಳಿಸಿದ. ಗಂಟಲು ಸರಿಮಾಡಿಕೊಂಡು ಇಡೀ ಬಸ್ ನಿಲ್ದಾಣ ತಿರುಗಿ ನೋಡುವಂತೆ ಕೂಗಿದ:

"ಯಾರದು? ನಾ ಕರಿಬಸಯ್ಯ. ಈ ಡಬ್ಬಿ ನಂದು!"