ರಾಮಲಿಂಗಯ್ಯನ ಚಕ್ರ

ಭೌತವಿಜ್ಞಾನ ಪರಿಷತ್ತಿನ ರಾಮನಗರ ಪ್ರಾದೇಶಿಕ ಶಾಖೆ ಎಂದರೆ ಹೊರಗಿನವರಿಗೆ ಒಂದು ಕಚೇರಿ, ಬಾಗಿಲ ಮೇಲೊಂದು ಬೋರ್ಡು, ಒಳಗೊಬ್ಬ ಗುಮಾಸ್ತ ಕಣ್ಣಮುಂದೆ ಬರಬಹುದು. ಅಂಥದ್ದೇನೂ ಇರಲಿಲ್ಲ. ಶಾಖೆ ಎಂದರೆ ಸುಮನಾ. ಅವಳ ಮೊಬೈಲು, ಅವಳ ಸ್ಕೂಟರಿನ ಡಿಕ್ಕಿಯಲ್ಲಿ ಮಡಚಿಟ್ಟ ಬ್ಯಾನರು, ಮತ್ತು ತಾನು ಪಾಠ ಮಾಡುವ ಕಾಲೇಜಿನ ಒಂದು ಕೊಠಡಿಯನ್ನು ಭಾನುವಾರ ತೆಗೆಸಿಕೊಳ್ಳಲು ವಾಚ್‌ಮನ್ನಿನ ಮುಂದೆ ಅವಳು ಮಾಡುವ ದೈನ್ಯ, ಇಷ್ಟೇ.

ಹಿಂದಿನ ಕಾರ್ಯದರ್ಶಿಗೆ ವರ್ಗವಾದಾಗ, "ಒಂದು ವರ್ಷ ನೋಡ್ಕೊಳ್ಳಿ ಮೇಡಂ, ಆಮೇಲೆ ಯಾರಾದ್ರೂ ಸಿಕ್ತಾರೆ" ಎಂದು ಅವಳ ತಲೆಗೆ ಕಟ್ಟಿದ್ದರು. ಆ ಯಾರಾದರೂ ಇನ್ನೂ ಸಿಕ್ಕಿರಲಿಲ್ಲ. ಸಭೆಯನ್ನು ರಾಮನಗರದಲ್ಲಿ ಇಟ್ಟರೆ ಕನಕಪುರದವರು ದೂರ ಎನ್ನುತ್ತಿದ್ದರು. ಕನಕಪುರದಲ್ಲಿ ಇಟ್ಟರೆ ಮಾಗಡಿಯವರು ಎರಡು ಬಸ್ಸು ಬದಲಿಸಬೇಕು ಎನ್ನುತ್ತಿದ್ದರು. ಮಾಗಡಿಯಲ್ಲೇ ಇಟ್ಟ ಒಂದು ಸಲ ಮಾಗಡಿಯವರೂ ಬರಲಿಲ್ಲ; ಅವತ್ತು ಊರಿನಲ್ಲಿ ಮೂರು ಮದುವೆ ಇತ್ತಂತೆ. ಶಾಖೆಯ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಎಲ್ಲರೂ ಇದ್ದರು. ಬೆಳಗಾದರೆ ಗುಲಾಬಿ ಹೂವಿನ ಜೊತೆ ಶುಭೋದಯ ಬರುತ್ತಿತ್ತು. ಉಪನ್ಯಾಸಕ್ಕೆ ಯಾರು ಯಾರು ಬರುತ್ತೀರಿ ಎಂದು ಅವಳು ಕೇಳಿದ ದಿನ ಗುಂಪು ಸ್ಮಶಾನವಾಗುತ್ತಿತ್ತು.

ಸ್ಕೂಟರು ಹತ್ತುವಾಗಲೇ ಅವಳಿಗೆ ಸೊಂಟ ನೋಯುತ್ತಿತ್ತು. ನಲವತ್ತೆಂಟಕ್ಕೆ ಇಷ್ಟು ದಣಿಯಬಾರದು ಎಂದು ಡಾಕ್ಟರು ಹೇಳಿದ್ದರು. ದಣಿಯಬಾರದು ಎಂದರೆ ದಣಿವು ಕೇಳುತ್ತದೆಯೇ?

ಇದರ ನಡುವೆ ರಾಮಲಿಂಗಯ್ಯ.

ರಾಮಲಿಂಗಯ್ಯ ಚನ್ನಪಟ್ಟಣದವನು. ಅರವತ್ತು ದಾಟಿದ ಆಳು. ವಯಸ್ಸಿಗೆ ಬಂದಾಗಿನಿಂದ ಮರದ ಬುಗುರಿ, ಗಿಲಕಿ, ಗಾಡಿ ಕಡೆದು, ಅರಗಿನ ಬಣ್ಣ ಹಾಕಿ ಅಂಗಡಿಗಳಿಗೆ ಕೊಟ್ಟು ಬದುಕಿದವನು. ಎಂಟು ವರ್ಷದ ಹಿಂದೆ ಒಂದು ದಿನ, ಬುಗುರಿ ಇಷ್ಟು ಹೊತ್ತು ತಿರುಗುವುದಾದರೆ ಯಾವತ್ತೂ ನಿಲ್ಲದೆ ತಿರುಗುವಂಥದ್ದೊಂದನ್ನು ಯಾಕೆ ಮಾಡಬಾರದು ಎಂಬ ಯೋಚನೆ ಅವನ ತಲೆಗೆ ಹೊಕ್ಕಿತು. ಹೊಕ್ಕಿದ್ದು ಹೊರಬರಲಿಲ್ಲ. ಆಳೆತ್ತರದ ಮರದ ಚಕ್ರ ಮಾಡಿದ. ಅದರೊಳಗೆ ಓರೆಯಾದ ಖಾನೆಗಳು. ಖಾನೆಗೊಂದು ಕಬ್ಬಿಣದ ಗುಂಡು. ಚಕ್ರ ಇಳಿಯುವ ಕಡೆ ಗುಂಡುಗಳು ಅಂಚಿಗೆ ಉರುಳಿ ಭಾರ ಹಾಕುತ್ತವೆ, ಏರುವ ಕಡೆ ನಡುವಿಗೆ ಸರಿದು ಹಗುರಾಗುತ್ತವೆ, ಹಾಗಾಗಿ ಕರೆಂಟಿಲ್ಲದೆ ಎಣ್ಣೆಯಿಲ್ಲದೆ ಚಕ್ರ ತಿರುಗುತ್ತಲೇ ಇರುತ್ತದೆ ಎಂಬುದು ಅವನ ಲೆಕ್ಕ.

ಎರಡು ವರ್ಷದಿಂದ ಅವನು ಸುಮನಾಳ ಕಾಲೇಜಿಗೆ ಎಡತಾಕುತ್ತಿದ್ದ. ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತು, "ಮೇಡಂನೋರೆ, ಒಂದ್ಸಲ ಬಂದು ನೋಡ್ಬುಡಿ. ನಿಮ್ಮ ಪರಿಷತ್ನೋರು ಹೂಂ ಅಂದ್ರೆ ಸಾಕು" ಎನ್ನುತ್ತಿದ್ದ. ಶಕ್ತಿ ಎಲ್ಲಿಂದಲೋ ಬರಬೇಕು, ಸುಮ್ಮನೆ ಹುಟ್ಟುವುದಿಲ್ಲ ಎಂದು ಅವಳು ಮೊದಮೊದಲು ಬಿಡಿಸಿ ಹೇಳಿದಳು. ಅವನು ತಲೆಯಾಡಿಸಿ ಕೇಳಿ, "ಅದು ಸರಿ, ಆದ್ರೆ ಇದು ತಿರುಗ್ತಾ ಐತಲ್ಲ" ಎನ್ನುತ್ತಿದ್ದ. ಆಮೇಲೆ ಅವಳು, ಪರೀಕ್ಷೆ ಮುಗಿಯಲಿ, ರಜೆ ಬರಲಿ ಎಂದು ಸಾಗಹಾಕತೊಡಗಿದಳು. ಅವನು ಬರುವುದು ಕಂಡರೆ ಲ್ಯಾಬಿನೊಳಗೆ ಹೋಗಿ ನಿಂತ ದಿನವೂ ಉಂಟು.

ಫೆಬ್ರವರಿಯಲ್ಲಿ ಶಾಖೆಯ ಅಧ್ಯಕ್ಷರು ಫೋನು ಮಾಡಿದರು. ಅಧ್ಯಕ್ಷರು ಅನಂತರಾಜು, ನಿವೃತ್ತ ಪ್ರಾಂಶುಪಾಲರು; ಸುಮನಾ ಕೆಲಸಕ್ಕೆ ಸೇರಿದಾಗ ಅವಳ ಮೇಲಧಿಕಾರಿಯಾಗಿದ್ದವರು. ಶಾಲು, ಹಾರ, ವೇದಿಕೆ ಇದ್ದಲ್ಲಿ ತಪ್ಪದೆ ಬರುತ್ತಿದ್ದರು.

"ನೋಡಮ್ಮ, ಈ ಸಲದ ವಿಜ್ಞಾನ ದಿನ ಸಣ್ಣದಾಗಿ ಬೇಡ. ನಮ್ಮ ಚನ್ನಪಟ್ಟಣದ ರಾಮಲಿಂಗಯ್ಯನ ಚಕ್ರಾನೇ ಇಡೋಣ. ಯಾರೋ ಫೋನಲ್ಲಿ ಹಾಕಿರೋ, ಅದು ನಿಲ್ಲದೆ ತಿರುಗೋ ವಿಡಿಯೋ ನೋಡ್ದೆ, ಎಷ್ಟು ಜನ ನೋಡವ್ರೆ ಗೊತ್ತಾ? ಪಕ್ಷದ ಮುಖಂಡ್ರಿಗೂ ಹೇಳಿದೀನಿ, ಉದ್ಘಾಟನೆಗೆ ಬರ್ತಾರೆ. ಟಿವಿಯೋರೂ ಬರ್ತಾರೆ."

"ಸಾರ್, ಅಂಥ ಚಕ್ರ ಇರಕ್ಕಾಗಲ್ಲ. ನಿಮಗೆ ಗೊತ್ತಲ್ಲ?"

"ಗೊತ್ತಮ್ಮ. ನಾನೂ ಎಂಎಸ್ಸಿ ಮಾಡ್ದೋನೇ. ನಾವೇನು ನಿಜ ಅಂತ ಬರ್ಕೊಡ್ತೀವಾ? ಗ್ರಾಮೀಣ ಪ್ರತಿಭೆ ಅಂತ ಒಂದು ಶಾಲು ಹೊದಿಸೋದು. ಕಾರ್ಯಕ್ರಮ ತುಂಬುತ್ತೆ."

ಆಹ್ವಾನಪತ್ರಿಕೆಯ ಕೆಳಗೆ ಪರಿಷತ್ತಿನ ಹೆಸರು ಇರುತ್ತದಲ್ಲ ಸಾರ್ ಎನ್ನುವ ಹೊತ್ತಿಗೆ ಅವರು ಫೋನು ಇಟ್ಟಿದ್ದರು.

ಮುಂದಿನ ಭಾನುವಾರ ಸುಮನಾ ಸ್ಕೂಟರು ಹತ್ತಿ ಚನ್ನಪಟ್ಟಣಕ್ಕೆ ಹೋದಳು. ಬಟ್ಟೆ ಒಗೆಯುವುದು ಹಾಗೇ ಉಳಿದಿತ್ತು. ಉತ್ತರಪತ್ರಿಕೆಗಳೂ ಹಾಗೇ ಇದ್ದವು. ಎರಡು ವರ್ಷ ತಪ್ಪಿಸಿಕೊಂಡರೂ ಕೊನೆಗೂ ಹೋಗಲೇಬೇಕಾಯಿತಲ್ಲ ಎಂದು ದಾರಿಯುದ್ದಕ್ಕೂ ಅವಳಿಗೆ ತನ್ನ ಮೇಲೇ ಸಿಟ್ಟು.

ರಾಮಲಿಂಗಯ್ಯ ಅವಳನ್ನು ಕಂಡು ಕೈಲಿದ್ದ ಉಳಿ ಕೆಳಗಿಟ್ಟು ಎದ್ದ. ಆಮೇಲೆ ಒಳಕ್ಕೆ ತಿರುಗಿ ಕೂಗಿದ.

"ಮಾಯೀ, ಯಾರ್ ಬಂದವ್ರೆ ನೋಡು! ಕಾಪಿ ಕಾಯ್ಸು!"

ಮನೆಯ ಮುಂದಿನ ಅರ್ಧ ಕಾರ್ಖಾನೆ. ಗೋಡೆಗೆ ಒರಗಿಸಿದ, ಬೊಂಬೆಗೆ ಬಳಸುವ ಆಲೆಮರದ ತುಂಡುಗಳು, ನೆಲದ ಮೇಲೆ ಸುರುಳಿ ಸುರುಳಿ ಹೊಟ್ಟು, ಕಾದ ಅರಗಿನ ವಾಸನೆ. ನಡುವೆ ಚಕ್ರ ತಿರುಗುತ್ತಿತ್ತು. ಸುಮನಾ ನಿರೀಕ್ಷಿಸಿದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು ಅದು. ಕೆಂಪು, ಹಳದಿ ಅರಗಿನ ಹೊಳಪು. ಅಚ್ಚಿನಲ್ಲಿ ಒಂದಿಷ್ಟೂ ಕಿರುಗುಟ್ಟುವಿಕೆ ಇಲ್ಲ. ಗುಂಡುಗಳು ಮಾತ್ರ ಒಂದಾದಮೇಲೊಂದು ಉರುಳಿ ಟಕ್, ಟಕ್ ಎನ್ನುತ್ತಿದ್ದವು.

"ಮಲಗೋವಾಗ, ಆಚೆಗೋಗೋವಾಗ ನಾನೇ ಹಿಡ್ದು ನಿಲ್ಲಿಸ್ತೀನಿ, ಬೆಳಿಗ್ಗೆ ಎದ್ದು ಬುಟ್ಟಿದ್ದು ಮೇಡಂ. ಇನ್ನೂ ತಿರುಗ್ತಾನೇ ಐತೆ."

ಸುಮನಾ ಸ್ಟೂಲಿನ ಮೇಲೆ ಕೂತು ನೋಡಿದಳು. ಅವನು ಚಕ್ರದ ಹುಟ್ಟಿನ ಕಥೆ ಹೇಳುತ್ತಾ ಅತ್ತಿತ್ತ ಓಡಾಡುತ್ತಿದ್ದ. ಹಳೆಯ ಅಚ್ಚು ತೋರಿಸಲು ಮೂಲೆಗೆ ಹೋದ, ಗುಂಡು ತೋರಿಸಲು ಈಚೆ ಬಂದ. ಸ್ವಲ್ಪ ಹೊತ್ತಿನಲ್ಲೇ ಅವಳಿಗೆ ಕಾಣಿಸಿತು. ಪ್ರತಿ ಸಲ ಚಕ್ರದ ಪಕ್ಕ ಹಾಯುವಾಗ ಅವನ ಬಲಗೈ ತಾನಾಗಿ ಮೇಲೆದ್ದು, ಕರುವಿನ ಬೆನ್ನು ಸವರಿದ ಹಾಗೆ, ಅಂಚನ್ನು ಒಂದು ಸಲ ಸವರಿ ಇಳಿಯುತ್ತಿತ್ತು. ಮೋಸದ ಕೈ ಅಲ್ಲ ಅದು. ಅದು ಹಾಗೆ ಮಾಡುತ್ತಿದೆ ಎಂಬುದೇ ಅವನಿಗೆ ತಿಳಿದಿರಲಿಲ್ಲ. ಕಣ್ಣು ಎಲ್ಲೋ, ಮಾತು ಎಲ್ಲೋ ಇತ್ತು. ವಿಡಿಯೋದಲ್ಲಿ ಇದನ್ನು ಯಾರೂ ಗಮನಿಸಿರಲಾರರು. ಯಾರು ತಾನೇ ಕೈ ನೋಡುತ್ತಾರೆ?

ಅವನು ಸುಳ್ಳುಗಾರನಾಗಿದ್ದರೆ ಎಷ್ಟು ಸಲೀಸಾಗಿತ್ತು!

"ರಾಮಲಿಂಗಯ್ಯನವರೇ, ಕಾಫಿ ಹೊರಗೆ ಜಗಲಿ ಮೇಲೆ ಕುಡಿಯೋಣ. ಇಲ್ಲಿ ಧೂಳು ನನಗೆ ಆಗಲ್ಲ."

"ಅದಕ್ಕೇನಂತೆ, ಬನ್ನಿ."

ಇಬ್ಬರೂ ಜಗಲಿಯ ಮೇಲೆ ಕೂತರು. ಅವನ ಹೆಂಡತಿ ಮಾಯಮ್ಮ ಕಾಫಿ ಕೊಟ್ಟು ಒಳಗೆ ಹೋದಳು. ಬೀದಿಯಲ್ಲಿ ಒಂದು ಆಟೋ ಹೋಯಿತು. ಅನಂತರಾಜು ಆಗಲೇ ಹೇಳಿಕಳಿಸಿದ್ದರಂತೆ; ಮುಖಂಡರು ಬರುವ ದಿನ ಹೊಸ ಪಂಚೆ ಉಡುವ ವಿಷಯ ರಾಮಲಿಂಗಯ್ಯ ಹೇಳಿದ. ಸುಮನಾ ಹೂಂಗುಟ್ಟುತ್ತಿದ್ದಳು. ಕಿವಿಯೆಲ್ಲ ಒಳಗಿತ್ತು. ಟಕ್, ಟಕ್, ಟಕ್. ಕಾಫಿ ಮುಗಿಯಿತು. ಅವನು ಏಳಹೋದ.

"ಕೂತ್ಕೊಳ್ಳಿ, ಇನ್ನೊಂದು ವಿಷಯ ಕೇಳಬೇಕು" ಎಂದಳು. ಆದರೆ ಏನನ್ನೂ ಕೇಳಲಿಲ್ಲ.

ಟಕ್. ಸ್ವಲ್ಪ ಬಿಟ್ಟು, ಟಕ್. ಅವನ ಮಾತು ನಿಧಾನವಾಯಿತು. ಅವನಿಗೂ ಕೇಳಿಸತೊಡಗಿತ್ತು. ಇನ್ನೊಂದು ಟಕ್‌ಗಾಗಿ ಇಬ್ಬರೂ ಕಾದರು. ಅದು ಬರಲಿಲ್ಲ.

ಒಳಗಿನಿಂದ ಮಾಯಮ್ಮ ಒದ್ದೆ ಕೈಯಲ್ಲೇ ಓಡಿಬಂದಳು. "ಏನಾಯ್ತು? ಸದ್ದೇ ಇಲ್ವಲ್ಲ!"

ರಾಮಲಿಂಗಯ್ಯ ಎದ್ದು ಒಳಗೆ ಹೋಗಿ ಚಕ್ರದ ಮುಂದೆ ನಿಂತ. ಸುಮನಾ ಹಿಂದೆ ಹೋದಳು. ಆದಷ್ಟು ಮೆಲ್ಲಗೆ ಹೇಳಿದಳು: "ಅಂಚಿನಲ್ಲಿರೋ ಗುಂಡು ಭಾರ ಜಾಸ್ತಿ ಹಾಕುತ್ತೆ, ನಿಜ. ಆದ್ರೆ ಇಳಿಯೋ ಕಡೆ ಗುಂಡು ಕಮ್ಮಿ, ಏರೋ ಕಡೆ ಜಾಸ್ತಿ. ಎಣಿಸಿ ನೋಡಿ. ಎರಡೂ ಸರಿಸಮ ಆಗ್ಬಿಡುತ್ತೆ. ಇಷ್ಟು ಹೊತ್ತು ತಿರುಗಿಸ್ತಿದ್ದಿದ್ದು ನಿಮ್ಮ ಕೈ."

"ನನ್ ಕೈಯಾ?" ಅವನು ಕೈಯನ್ನು ತಿರುಗಿಸಿ ನೋಡಿಕೊಂಡ. ಆಮೇಲೆ ಮುಖ ಗಂಟಿಕ್ಕಿತು. "ಇಲ್ಲ ಬುಡಿ. ಇವತ್ತು ಎಣ್ಣೆ ಸರಿಯಾಗಿ ಬಿದ್ದಿಲ್ಲ. ನೀವು ನಿಲ್ಲಲಿ ಅಂತಾನೇ ಬಂದಿದ್ರಿ, ನಿಂತೋಯ್ತು."

ಅವಳು ಬ್ಯಾಗು ಎತ್ತಿಕೊಂಡು ಹೊರಟಳು. ಮಾಯಮ್ಮ ಮಾತ್ರ ಬಾಗಿಲ ತನಕ ಬಂದು, ತಗ್ಗಿದ ದನಿಯಲ್ಲಿ, "ಬೇಜಾರ್ ಮಾಡ್ಕೋಬ್ಯಾಡಿ ಕಣವ್ವ. ಒಸಿ ಟೈಮ್ ಕೊಡಿ" ಎಂದಳು.

ಸಂಜೆ ಸುಮನಾ ಅನಂತರಾಜು ಅವರಿಗೆ ಫೋನು ಮಾಡಿ ಎಲ್ಲ ಹೇಳಿದಳು. ಅವರು ನಕ್ಕರು.

"ಇಷ್ಟೇನಾ? ಭಾಷಣ ಮುಗಿಯೋ ತನಕ ತಿರುಗಿದ್ರೆ ಆಯ್ತು. ಪಕ್ಕದಲ್ಲಿ ಅವನೇ ನಿಂತಿರ್ತಾನಲ್ಲ."

"ಸಾರ್, ಹಾಗೆ ಮಾಡಿದ್ರೆ ಆ ಮನುಷ್ಯನ್ನ ನಾವು ಜನರ ಮುಂದೆ ಸುಳ್ಳುಗಾರ ಮಾಡಿದಂಗಾಗುತ್ತೆ. ನಾಳೆ ಯಾರಾದ್ರೂ ಕೈ ನೋಡ್ತಾರೆ, ಟಿವಿಯೋರೇ ನೋಡ್ತಾರೆ. ನೀವು ಶಾಲು ಹೊದಿಸಿ ಮನೆಗೆ ಹೋಗ್ತೀರಿ. ಅವರು ಚನ್ನಪಟ್ಟಣದಲ್ಲೇ ಬದುಕಬೇಕಲ್ಲ?"

"ನನಗೇ ಪಾಠ ಹೇಳ್ತೀಯಾ?"

"ಪರಿಷತ್ತಿನ ಹೆಸರಲ್ಲಿ ಇದು ಬೇಡ ಸಾರ್. ಮಾಡೋದಾದ್ರೆ ಕಾರ್ಯದರ್ಶಿ ಬೇರೆ ನೋಡ್ಕೊಳ್ಳಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತಿತ್ತು. ಸಿಟ್ಟಾಗಿದ್ದರೆ ಅವರು ಸಮಾಧಾನ ಮಾಡುತ್ತಿದ್ದರೇನೋ. ಬೇರೆ ಕಾರ್ಯದರ್ಶಿ ಸಿಗುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಆದರೆ ಮುಖಂಡರಿಗೆ ಮಾತು ಕೊಟ್ಟಾಗಿತ್ತು. ಬೆಳಿಗ್ಗೆ ವಾಟ್ಸಾಪ್ ಗುಂಪಿನಲ್ಲಿ ಗುಲಾಬಿಗಳ ನಡುವೆ ಅನಂತರಾಜು ಅವರ ರಾಜೀನಾಮೆ ಬಂತು. ಹಿರಿಯರಿಗೆ ಬೆಲೆಯಿಲ್ಲದ ಕಡೆ ತಾವಿರುವುದಿಲ್ಲ ಎಂದಿದ್ದರು. ಚಕ್ರವನ್ನು ತಾವೇ ಬೇರೆ ಕಡೆ ಮೆರೆಸುವುದಾಗಿಯೂ ಬರೆದಿದ್ದರು. ಅದರ ಕೆಳಗೆ ಯಾರೋ ಕೈಮುಗಿದ ಚಿತ್ರ ಹಾಕಿದರು. ಅದು ಯಾರ ಪರವೋ ತಿಳಿಯಲಿಲ್ಲ.

ಆ ವಾರದ ಕೊನೆಯಲ್ಲಿ ರಾಮಲಿಂಗಯ್ಯ ಕಾಲೇಜಿಗೆ ಬಂದ. ಈ ಸಲ ಸ್ಟಾಫ್ ರೂಮಿಗೆ ಬರದೆ ಗೇಟಿನ ಹತ್ತಿರದ ಹೊಂಗೆಮರದ ಕೆಳಗೆ ನಿಂತಿದ್ದ. ಸುಮನಾ ಕಿಟಕಿಯಿಂದ ನೋಡಿ, ಲ್ಯಾಬಿನ ಕಡೆ ಹೋಗದೆ, ತಾನೇ ಇಳಿದು ಹೋದಳು.

"ನೀವು ಹೋದ್ಮ್ಯಾಕೆ ದಿನಾ ಕೈ ಕಟ್ಕೊಂಡು ಜಗಲಿ ಮೇಲೆ ಕೂತ್ಕತಿದ್ದೆ" ಎಂದ ಅವನು, ನೆಲ ನೋಡುತ್ತಾ. "ಎಣ್ಣೆ ಬದಲಾಯಿಸ್ದೆ. ಬಾಗ್ಲು ಮುಚ್ಚಿ ನೋಡ್ದೆ. ಪ್ರತಿ ಸಲಾನೂ ನಿಂತೋಯ್ತು. ಅನಂತರಾಜು ಸಾಹೇಬ್ರು ಬೇರೆ ಕಡೆ ಇಡ್ಸ್ತೀನಿ ಅಂತ ಬಂದಿದ್ರು. ಜ್ವರ ಅಂತ ಹೇಳ್ಬುಟ್ಟೆ."

ಸುಮನಾಳಿಗೆ ಕಾಲೇಜಿನ ಲ್ಯಾಬಿಗೆ ಒಂದೆರಡು ಚಕ್ರ ಕಡೆದುಕೊಡಿ ಎಂದು ಕೇಳಲೇ ಎನ್ನಿಸಿತು. ಅದು ಭಿಕ್ಷೆ ಹಾಕಿದ ಹಾಗಾದೀತು ಎಂದು ಬಾಯಿಗೆ ಬಂದದ್ದನ್ನು ನುಂಗಿದಳು.

"ಒಂದ್ ಕೇಳ್ಲಾ ಮೇಡಂ?" ಅವನು ಈಗ ಮುಖ ಎತ್ತಿದ. "ಮೊದಲ್ನೇ ಸಲ ಕರ್ದಾಗ್ಲೇ ಬಂದು ಕೂತಿದ್ರೆ ಅವತ್ತೇ ಗೊತ್ತಾಗೋದಲ್ವಾ? ಊರೆಲ್ಲ ಸಾರ್ಕೊಂಡ್ ಬಂದ್ನಲ್ಲ ನಾನು. ಯಾಕ್ ಬರ್ನಿಲ್ಲ ನೀವು?"

ಕೆಲಸ ಇತ್ತು ಎನ್ನಬಹುದಿತ್ತು. ಇತ್ತು ಕೂಡ. ಸಭೆಗೆ ಜಾಗ ಹುಡುಕುವುದು, ಭಾಷಣಕಾರರನ್ನು ಬಸ್ ಸ್ಟ್ಯಾಂಡಿನಿಂದ ಕರೆತರುವುದು, ಬಾರದವರಿಗೆ ಮತ್ತೆ ಮತ್ತೆ ಫೋನು ಮಾಡುವುದು. ಕರೆದೂ ಕರೆದೂ ಯಾರೂ ಬಾರದ ಶಾಖೆಗೆ ತಾನಾಗಿ ಹುಡುಕಿಕೊಂಡು ಬಂದಿದ್ದವನು ಇವನೊಬ್ಬನೇ ಎಂಬುದು ಅವಳಿಗೆ ಈಗ ಹೊಳೆಯಿತು.

"ಬರಬೇಕಿತ್ತು" ಎಂದಳು. "ತಪ್ಪಾಯ್ತು."

"ಹೋಗ್ಲಿ ಬುಡಿ."

"ಚಕ್ರ ಏನು ಮಾಡ್ತೀರಿ?"

"ಇರ್ಲಿ. ಅದೇನ್ ಮಾಡೈತೆ, ಪಾಪ."

ವಿಜ್ಞಾನ ದಿನದ ಕಾರ್ಯಕ್ರಮ ಅದೇ ಕಾಲೇಜಿನ ಕೊಠಡಿಯಲ್ಲಿ ನಡೆಯಿತು. ಮುಖಂಡರಿಲ್ಲ, ಟಿವಿಯಿಲ್ಲ. ಕನಕಪುರದಿಂದ ಖತೀಜಾ ಬಂದಳು. ಅವಳು ಅಲ್ಲಿ ಭೌತವಿಜ್ಞಾನದ ಉಪನ್ಯಾಸಕಿ, ಸುಮನಾಳ ಹಳೆಯ ಸಹಪಾಠಿ. ಯಾರೂ ಒಪ್ಪದ ದಿನ ಭಾಷಣಕ್ಕೆ ಒಪ್ಪುವವಳು. ಬೆಳಕು ಗಾಳಿಯಲ್ಲಿ ಹೇಗೆ ಚದುರುತ್ತದೆ ಎಂದು ಮಾತಾಡಿದಳು. ಹತ್ತು ಹನ್ನೆರಡು ಜನ ಅಲ್ಲಲ್ಲಿ ಚದುರಿ ಕೂತಿದ್ದರು. ಅರ್ಧದಲ್ಲಿ ಹಿಂಬಾಗಿಲಿಂದ ರಾಮಲಿಂಗಯ್ಯ ಬಂದು ಕೊನೆಯ ಬೆಂಚಿನಲ್ಲಿ ಕೂತ. ಸ್ವಲ್ಪ ಹೊತ್ತು ಕೇಳಿದ. ಆಮೇಲೆ ಡೆಸ್ಕಿನ ಮೇಲೆ ತೋಳಿಟ್ಟು, ತೋಳಿನ ಮೇಲೆ ತಲೆಯಿಟ್ಟು ನಿದ್ದೆಹೋದ.

ಕೊನೆಯಲ್ಲಿ, ಹೊಸ ಅಧ್ಯಕ್ಷರಾಗಲು ಯಾರಾದರೂ ಮುಂದೆ ಬರುತ್ತೀರಾ ಎಂದು ಸುಮನಾ ಕೇಳಿದಳು. ಎಲ್ಲರೂ ಫ್ಯಾನಿನ ಕಡೆ ನೋಡಿದರು. ಬೋಂಡ ತಿಂದು, ಟೀ ಕುಡಿದು, ಒಬ್ಬೊಬ್ಬರಾಗಿ ಹೊರಟರು.

"ನೀನೂ ಬಿಟ್ಬಿಡು ಸುಮನಾ. ನೋಡು, ಕಣ್ಣು ಹೆಂಗಾಗಿದೆ" ಎಂದಳು ಖತೀಜಾ, ಕಿಟಕಿ ಮುಚ್ಚುತ್ತಾ.

"ಬಿಡ್ತೀನಿ ಕಣೆ" ಎಂದಳು ಸುಮನಾ. ಖತೀಜಾ ನಂಬಲಿಲ್ಲ. ನಕ್ಕು ಕನಕಪುರದ ಬಸ್ಸಿಗೆ ಹೊರಟಳು.

ರಾಮಲಿಂಗಯ್ಯ ಇನ್ನೂ ಮಲಗಿದ್ದ, ಬಾಯಿ ತುಸು ತೆರೆದು, ಮಗುವಿನ ಹಾಗೆ. ವಾಚ್‌ಮನ್ ಬೀಗ ಹಿಡಿದು ಎರಡು ಸಲ ಇಣುಕಿದ. ಸುಮನಾ ಅವನಿಗೆ ತಾಳು ಎಂದು ಕೈಸನ್ನೆ ಮಾಡಿ, ತಾನೂ ಪಕ್ಕದ ಬೆಂಚಿನಲ್ಲಿ ಕೂತಳು. ಬಹಳ ಹೊತ್ತಿನ ಮೇಲೆ ಅವನು ತಾನಾಗಿ ಎಚ್ಚರಗೊಂಡ.

"ಮುಗೀತಾ?"

"ಮುಗೀತು."

ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅವನನ್ನು ಬಸ್ ಸ್ಟ್ಯಾಂಡಿಗೆ ಕರೆತಂದಳು. "ಆಯಮ್ಮ ಭಾಷಣದಲ್ಲಿ ಏನ್ ಹೇಳಿದ್ರು?" ಎಂದು ಅವನು ಕೇಳಿದ. ಸಾಯಂಕಾಲ ಆಕಾಶ ಯಾಕೆ ಕೆಂಪಾಗುತ್ತದೆ ಎಂಬುದನ್ನು ಅವಳು ಅಲ್ಲೇ ನಿಂತು, ಬಸ್ಸುಗಳ ಹಾರನ್ ಸದ್ದಿನ ನಡುವೆ, ನಿಧಾನವಾಗಿ ಹೇಳಿದಳು. ಅವನು ಎರಡು ಸಲ ತಡೆದು ಕೇಳಿದ. ಚನ್ನಪಟ್ಟಣದ ಒಂದು ಬಸ್ಸು ಅಷ್ಟರಲ್ಲಿ ಹೋಗಿಬಿಟ್ಟಿತು. ಮುಂದಿನ ಬಸ್ಸಿಗೆ ಅವನು ಹತ್ತಿದ.

ಪರಿಷತ್ತಿನ ಕೇಂದ್ರ ಕಚೇರಿಯಿಂದ ಮೊಬೈಲಿಗೆ ಸಂದೇಶ ಬಂದಿತ್ತು: ನಿಮ್ಮ ಶಾಖೆಯ ನೂತನ ಅಧ್ಯಕ್ಷರ ಹೆಸರು ತಿಳಿಸಿ. ಸುಮನಾ ಕಣ್ಣುಜ್ಜಿಕೊಂಡು, ಸದ್ಯಕ್ಕೆ ಕಾರ್ಯದರ್ಶಿಯೇ ನೋಡಿಕೊಳ್ಳುತ್ತಾರೆ ಎಂದು ಬರೆದು ಕಳಿಸಿ, ಸ್ಕೂಟರು ಸ್ಟಾರ್ಟ್ ಮಾಡಿದಳು.